ಉಲಿಯಕ್ಕಿ ಮೇಯುವ ಮರ, ಬಿಟ್ಟುಹೋಗುವ ಮರ: ಕಾಫಿ ತೋಟದಲ್ಲಿ ಜಿಗಿತ ಎಣಿಸಿದ ನನ್ನ ಅನುಭವ

ಕಾಫಿಯ ನೆರಳಿಗೆ ನೆಡುವ ಸಿಲ್ವರ್ ಓಕ್ ಮರಕ್ಕೆ ಉಲಿಯಕ್ಕಿಯಂಥ ಹುಳ ತಿನ್ನುವ ಸಣ್ಣ ಹಕ್ಕಿ ಬರುವುದೇ ಇಲ್ಲ ಎಂದು ಕೆಲವರು ಹೇಳುತ್ತಾರೆ, ಹಕ್ಕಿಗೆ ಯಾವ ಮರವಾದರೇನು ಎಂದು ಇನ್ನು ಕೆಲವರು. ಕೊಡಗಿನ ತೋಟಗಳಲ್ಲಿ ಈ ವಾದ ಹಳೆಯದು. ಎರಡೂ ಕಡೆಯವರ ಹತ್ತಿರ ಲೆಕ್ಕ ಇರಲಿಲ್ಲ. ವಿರಾಜಪೇಟೆ ಕಡೆಯ ಒಂದು ರೋಬಸ್ಟಾ ತೋಟದ ಐದಾರು ಎಕರೆಯಲ್ಲಿ ಎರಡು ಚಳಿಗಾಲ ಎಣಿಸಿದ ಮೇಲೆ ಈಗ ನನ್ನ ಹತ್ತಿರ ಲೆಕ್ಕ ಇದೆ. ಮರದಡಿ ನಿಂತು ಮರದಿಂದ ಮರಕ್ಕೆ ಹಕ್ಕಿಯ ಜಿಗಿತ ಎಣಿಸಿದರೆ ಏನು ಸಿಗುತ್ತದೆ ಎಂದು ಕೇಳಿದವರಲ್ಲಿ ಇಬ್ಬರು ಈ ಸಲ ತಮ್ಮ ತೋಟದಲ್ಲೇ ಅದನ್ನು ಮಾಡಿದ್ದಾರೆ. ಅದರಲ್ಲಿ ಒಬ್ಬರ ಪಟ್ಟಿ ನನ್ನ ಪಟ್ಟಿಯ ಜೊತೆ ಹೆಚ್ಚುಕಡಿಮೆ ಸಾಲಾಗಿ ಕೂತಿತು. ಅದಕ್ಕೇ ಬರೆಯುತ್ತಿದ್ದೇನೆ. ದುರ್ಬೀನು ಹಿಡಿದು ಹಕ್ಕಿ ಗುರುತಿಸುವುದು, ಎತ್ತರ ಅಳೆಯುವುದು, ಎಕ್ಸೆಲ್‌ನಲ್ಲಿ ಕೂಡುವುದು ಬರುತ್ತದೆ ಎಂದುಕೊಂಡು ಮುಂದೆ ಹೋಗುತ್ತೇನೆ.

ಮೊದಲು ಕೆಲಸಕ್ಕೆ ಬಾರದ ವಿಧಾನಗಳು. ದುಡ್ಡು ಹೋದದ್ದೆಲ್ಲ ಅಲ್ಲೇ.

ಎಲ್ಲರೂ ಶುರು ಮಾಡುವುದು ಒಂದೇ ರೀತಿ: ದಾರಿಯಲ್ಲಿ ನಡೆಯುತ್ತ ಹಕ್ಕಿ ಕಂಡ ಮರವನ್ನು ಬರೆದುಕೊಳ್ಳುವುದು. ಜನವರಿಯಲ್ಲಿ ಹಾಲುವಾಣ ಎಲೆ ಉದುರಿಸಿ ಬೋಳಾಗಿರುತ್ತದೆ, ಅದರ ಮೇಲೆ ಕೂತ ಪ್ರತಿಯೊಂದು ಹಕ್ಕಿಯೂ ಕಾಣುತ್ತದೆ. ಹಲಸಿನ ಒಳಗೆ ನಾಲ್ಕು ಹಕ್ಕಿ ಇದ್ದರೂ ಒಂದು ಕಾಣುವುದಿಲ್ಲ. ಹೀಗೆ ಬರೆದ ಇನ್ನೂರೈವತ್ತು ಚಿಲ್ಲರೆ ದಾಖಲೆಯಲ್ಲಿ ಹಾಲುವಾಣ ಮೊದಲ ಸ್ಥಾನಕ್ಕೆ ಬಂತು, ಹಲಸು ಕೊನೆಗೆ. ಅವೇ ಹಕ್ಕಿಗಳನ್ನು ಒಂದೊಂದು ನಿಮಿಷ ಬೆನ್ನುಹತ್ತಿ ನೋಡಿದರೆ ಹಲಸು ಮಧ್ಯಕ್ಕೆ ಏರಿತು, ಹಾಲುವಾಣ ಇಳಿಯಿತು. ಮೊದಲು ಕಂಡದ್ದನ್ನು ಬಿಟ್ಟು ಐದು ಸೆಕೆಂಡ್ ಆದಮೇಲಿನ ಮೊದಲ ಕುಕ್ಕನ್ನು ಮಾತ್ರ ಬರೆಯಬೇಕು ಎನ್ನುವ ನಿಯಮ ಇದೆ. ಅದರಿಂದ ದೋಷ ಅರ್ಧ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಎಲೆ ಮರೆಯಲ್ಲಿರುವ ಹಕ್ಕಿ ಐದು ಸೆಕೆಂಡ್ ಆದಮೇಲೂ ಮರೆಯಲ್ಲೇ ಇರುತ್ತದೆ.

ಹೂವಿನ ಕಾಲ ಇನ್ನೊಂದು ಗೋಜಲು. ಹಾಲುವಾಣ ಹೂ ಬಿಟ್ಟಾಗ ಬೆಳ್ಗಣ್ಣ, ಕಾಜಾಣ, ಎಲೆಹಕ್ಕಿ ಎಲ್ಲವೂ ಮಕರಂದಕ್ಕೆ ಮುಗಿಬೀಳುತ್ತವೆ. ಮಾರ್ಚ್ ಹೊತ್ತಿಗೆ ಸಿಲ್ವರ್‌ನ ಕಿತ್ತಳೆ ಹೂವಿನಲ್ಲೂ ಅದೇ ಜಾತ್ರೆ. ಕೊಕ್ಕು ಹೂವಿಗೆ ಹೋಯಿತೋ ಎಲೆಗೆ ಹೋಯಿತೋ ಬರೆಯದಿದ್ದರೆ ಸಿಲ್ವರ್ ಒಳ್ಳೆಯ ಮೇವಿನ ಮರ ಎಂದು ಲೆಕ್ಕ ಬರುತ್ತದೆ. ಹೂ ಬಿಟ್ಟ ಮರದ ದಾಖಲೆಗೆ ಬೇರೆ ಕಾಲಂ ಇರಲಿ. ಬೆಳ್ಗಣ್ಣವನ್ನು ನಾನು ಈ ಲೆಕ್ಕದಿಂದ ತೆಗೆದೇಬಿಟ್ಟೆ: ಹುಳ, ಹಣ್ಣು, ಮಕರಂದ ಮೂರನ್ನೂ ಒಂದೇ ನಿಮಿಷದಲ್ಲಿ ತಿನ್ನುವ ಹಕ್ಕಿ ಅದು.

ಇನ್ನು ಮರದ ಲೆಕ್ಕ. ಹಕ್ಕಿ ಎಲ್ಲಿತ್ತು ಎಂದರೆ ಸಾಲದು, ಎಲ್ಲಿ ಇರಬಹುದಿತ್ತು ಎಂಬುದು ಬೇಕು. ಕಾಂಡ ಎಣಿಸಿದರೆ ಈ ಬ್ಲಾಕಿನಲ್ಲಿ ನೂರಕ್ಕೆ ಎಪ್ಪತ್ತರ ಹತ್ತಿರ ಸಿಲ್ವರ್. ಎದೆಮಟ್ಟದ ಸುತ್ತಳತೆಯಿಂದ ಕಾಂಡದ ಅಡ್ಡಕೊಯ್ತ ತೆಗೆದರೆ ಐವತ್ತೈದು ಅರವತ್ತು. ಸೊಪ್ಪಿನ ಹರವಿನ ಗಾತ್ರ ತೆಗೆದರೆ ನಲವತ್ತೈದರ ಆಸುಪಾಸು. ಮೂರೂ ಒಂದೇ ತೋಟ! ಎಲೆಯಲ್ಲಿ ಮೇಯುವ ಹಕ್ಕಿಗೆ ಮೂರನೆಯದೇ ಸರಿ. ಸಿಲ್ವರ್ ಹರವು ಐದು ಮೀಟರ್ ಅಗಲ, ಹನ್ನೆರಡು ಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಅಗಲದ ವರ್ಗವನ್ನು ಉದ್ದದಿಂದ ಗುಣಿಸಿ, ಮೊಟ್ಟೆಯಾಕಾರಕ್ಕೆಂದು ಮತ್ತೆ 0.52ರಿಂದ ಗುಣಿಸಿದರೆ 156 ಘನ ಮೀಟರ್. ಹದಿನಾಲ್ಕು ಮೀಟರ್ ಅಗಲ, ಒಂಬತ್ತು ಮೀಟರ್ ಆಳದ ಒಂದು ನಂದಿ ಮರ 917 ಘನ ಮೀಟರ್. ಒಂದು ನಂದಿ ಎಂದರೆ ಸುಮಾರು ಆರು ಸಿಲ್ವರ್. ಕಾಂಡ ಎಣಿಸಿ ಬರೆದ ವರದಿಗಳನ್ನು ಓದುವಾಗ ಇದನ್ನು ಮರೆಯಬಾರದು.

ಹರವನ್ನು ಮೇಲಿನಿಂದ ಅಳೆಯೋಣ ಎಂದು ಡ್ರೋನ್ ಬಾಡಿಗೆಗೆ ತರಿಸಿದ್ದಕ್ಕೆ ಎಂಟು ಸಾವಿರ ಹೋಯಿತು. ಚಿತ್ರ ಚೆನ್ನಾಗಿ ಬಂತು, ಉಪಯೋಗಕ್ಕೆ ಬರಲಿಲ್ಲ. ಸಿಲ್ವರ್‌ನ ತುದಿಗಳು ಮೇಲಿನ ಅಂತಸ್ತು. ಅದರ ಕೆಳಗಿನ ಹಲಸು, ನೇರಳೆ, ಎಳೆ ಬಾಗೆ ಒಂದೂ ಚಿತ್ರದಲ್ಲಿ ಬೇರೆಯಾಗಿ ಕಾಣುವುದಿಲ್ಲ, ಹಕ್ಕಿಗಳು ಹೆಚ್ಚಾಗಿ ಮೇಯುವುದು ಅಲ್ಲೇ. ತಾನಾಗಿ ಧ್ವನಿಮುದ್ರಿಸುವ ಪೆಟ್ಟಿಗೆಯೂ ಅಷ್ಟೆ. ಯಾವ ಹಕ್ಕಿ ಇದೆ ಎಂದು ಹೇಳುತ್ತದೆ, ಯಾವ ಮರದಲ್ಲಿದೆ ಎಂದು ಹೇಳುವುದಿಲ್ಲ. ಹುಳ ಎಣಿಸಲು ಹಳದಿ ಅಂಟುಹಾಳೆ ಕಟ್ಟುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಅಂಟಿದ್ದು ಸಣ್ಣ ನೊಣ, ಥ್ರಿಪ್ಸ್, ರೆಕ್ಕೆ ಗೆದ್ದಲು, ಒಂದೆರಡು ಹಲ್ಲಿ. ಹಕ್ಕಿ ನಿಜವಾಗಿ ಹುಡುಕುವ ಕಂಬಳಿಹುಳ, ಜೇಡ ಅದಕ್ಕೆ ಅಂಟುವುದೇ ಅಪರೂಪ. ಜೊತೆಗೆ ಹಕ್ಕಿಯೇ ಅಂಟಿಕೊಳ್ಳುವ ಅಪಾಯ ಇದೆ. ಎಂಟು ಗ್ರಾಂ ತೂಗುವ ಉಲಿಯಕ್ಕಿಗೆ ಅದರಿಂದ ಬಿಡಿಸಿಕೊಳ್ಳುವ ಶಕ್ತಿ ಇಲ್ಲ. ದಯವಿಟ್ಟು ಮರಕ್ಕೆ ಅಂಟುಹಾಳೆ ಕಟ್ಟಬೇಡಿ.

ಈಗ ಕೆಲಸ ಮಾಡಿದ ವಿಧಾನ. ಇಡೀ ತೋಟದಲ್ಲಿ ಯಾವ ಮರ ಎಷ್ಟಿದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟೆ. ಹಕ್ಕಿ ಒಂದು ಮರ ಬಿಡುವ ಕ್ಷಣದಲ್ಲಿ ಅದರ ಎದುರು ಯಾವ ಯಾವ ಮರ ಇದ್ದವು, ಅದರಲ್ಲಿ ಯಾವುದಕ್ಕೆ ಹೋಯಿತು ಎಂಬುದನ್ನು ಮಾತ್ರ ಬರೆದುಕೊಂಡೆ. ಇದಕ್ಕೆ ನಾನು ಜಿಗಿತ ಎನ್ನುತ್ತೇನೆ. ಮರ ಬಿಟ್ಟು ಹಾರುವ ಹಕ್ಕಿ ಬೋಳು ಮರದಲ್ಲಾಗಲಿ ದಟ್ಟ ಮರದಲ್ಲಾಗಲಿ ಸುಮಾರು ಒಂದೇ ರೀತಿ ಕಣ್ಣಿಗೆ ಬೀಳುತ್ತದೆ, ಹೋಗಿ ಸೇರಿದ ಮರವೂ ಕಾಣುತ್ತದೆ. ಒಳಗೆ ಹೋದಮೇಲೆ ಮರೆಯಾದರೆ ಆಗಲಿ, ಬೇಕಾದದ್ದು ಆಗಲೇ ಸಿಕ್ಕಿರುತ್ತದೆ.

ಇದಕ್ಕೆ ಪ್ರತಿ ಮರದ ಜಾಗ ಗೊತ್ತಿರಬೇಕು. ಮರದಡಿಯಲ್ಲಿ ಮೊಬೈಲ್ ಜಿಪಿಎಸ್ ಐದರಿಂದ ಹತ್ತು ಮೀಟರ್ ತಪ್ಪು ತೋರಿಸುತ್ತದೆ, ಈ ಕೆಲಸಕ್ಕೆ ಅದು ಪ್ರಯೋಜನವಿಲ್ಲ. ಕಾಫಿ ಸಾಲೇ ನಿಮ್ಮ ನಕಾಶೆ. ರೋಬಸ್ಟಾ ಹತ್ತಡಿಗೆ ಹತ್ತಡಿ ನೆಟ್ಟಿದ್ದರೆ ಪ್ರತಿ ಗಿಡವೂ ಒಂದು ಚೌಕದ ಮೂಲೆ. ಮರಕ್ಕೆ 14/22 ಎಂದು ಬರೆದರೆ ಹದಿನಾಲ್ಕನೇ ಸಾಲು, ಇಪ್ಪತ್ತೆರಡನೇ ಗಿಡದ ಪಕ್ಕ ಎಂದರ್ಥ, ಸಾಲಿನ ಉದ್ದಕ್ಕಾಗಲಿ ಅಡ್ಡಕ್ಕಾಗಲಿ ಒಂದೂವರೆ ಮೀಟರ್‌ಗಿಂತ ಹೆಚ್ಚು ತಪ್ಪು ಬರುವುದಿಲ್ಲ. ಹಳೆ ತೋಟದಲ್ಲಿ ಸತ್ತ ಗಿಡದ ಜಾಗಕ್ಕೆ ಮರುನಾಟಿ ಆಗಿರುತ್ತದೆ, ಕೆಲವು ಕಡೆ ಸಾಲು ಬಾಗಿರುತ್ತದೆ. ಅಲ್ಲಿ ಮೂವತ್ತು ಮೀಟರ್ ಟೇಪು ಹಿಡಿದು ಸರಿಮಾಡಿಕೊಳ್ಳಿ. ಅಂಕಿಯನ್ನು ಮೆಣಸಿನ ಬಳ್ಳಿ ಇಲ್ಲದ ಬದಿಯಲ್ಲಿ ಬಿಳಿ ಎನಾಮೆಲ್ ಬಣ್ಣದಿಂದ ಬರೆಯಿರಿ, ಒಂದು ಬದಿಯಲ್ಲಿ ಬರೆದರೆ ಸಾಲದು, ಎರಡು ಬದಿ ಬೇಕು. ಮೇಲೆ ನೋಡುತ್ತ ನಡೆಯುವವನು ಮರದ ಸುತ್ತ ಸುತ್ತಿ ಅಂಕಿ ಹುಡುಕುವಷ್ಟರಲ್ಲಿ ಹಕ್ಕಿ ಎರಡು ಮರ ಆಚೆ ಹೋಗಿರುತ್ತದೆ. ಸಿಲ್ವರ್‌ನ ಒರಟು ತೊಗಟೆಯ ಮೇಲೆ ಮೊದಲು ತಂತಿ ಬ್ರಷ್‌ನಿಂದ ಉಜ್ಜಿಕೊಳ್ಳಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಅಂಕಿ ಅಳಿಸಿಹೋಗುತ್ತದೆ.

ಎಕರೆಗೆ ನೂರರ ಮೇಲೆ ಮರ ಇದ್ದಲ್ಲಿ ಒಬ್ಬ ಆಳಿನ ಜೊತೆ ದಿನಕ್ಕೆ ಮುಕ್ಕಾಲು ಎಕರೆ ಮುಗಿಯುತ್ತದೆ. ಹರವಿನ ಅಗಲವನ್ನು ಎರಡು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆದೆ, ತುದಿ ಮತ್ತು ಕೆಳಗಿನ ಕೊಂಬೆಯ ಎತ್ತರವನ್ನು ಗಾಲ್ಫ್ ಆಡುವವರ ಲೇಸರ್ ದೂರಮಾಪಕದಲ್ಲಿ. ಆ ಮಾಪಕಕ್ಕೆ ಎಂಟೊಂಬತ್ತು ಸಾವಿರ ಬಿತ್ತು, ಈ ಕೆಲಸಕ್ಕೆ ಹಾಕಿದ ದುಡ್ಡಿನಲ್ಲಿ ಅದೊಂದು ಪೂರ್ತಿ ಸಾರ್ಥಕ. ಎಲೆ ಸಂದಿಯಲ್ಲಿ ಕಿರಣ ಹತ್ತಿರದ ರೆಂಬೆಗೆ ಬಡಿದು ತಪ್ಪು ಅಂಕಿ ಕೊಡುತ್ತದೆ. ಮೂರು ಸಲ ಹೊಡೆದು ದೊಡ್ಡ ಅಂಕಿಯನ್ನು ತೆಗೆದುಕೊಳ್ಳಿ.

ಯಾವ ಹಕ್ಕಿಯಿಂದ ಶುರು ಮಾಡಬೇಕು? ಗ್ರೀನಿಷ್ ವಾರ್ಬ್ಲರ್ ಎನ್ನುವ ಹಸುರು ಉಲಿಯಕ್ಕಿಯಿಂದ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬಂದು ಏಪ್ರಿಲ್‌ವರೆಗೆ ಇರುತ್ತದೆ. ಚಳಿಗಾಲದಲ್ಲೂ ತನ್ನ ಗಡಿ ಕಾಯುವ ಹಕ್ಕಿ ಇದು, ಒಂದೇ ಹಕ್ಕಿ ಅದೇ ಮರಗಳ ನಡುವೆ ಇಡೀ ಕಾಲ ಓಡಾಡುತ್ತದೆ, ಎರಡು ಸ್ವರದ ಕೂಗು ಹಾಕುತ್ತಲೇ ಇರುತ್ತದೆ. ತಮಿಳುನಾಡಿನ ಮುಂಡಂತುರೈಯಲ್ಲಿ ಟ್ರೆವರ್ ಪ್ರೈಸ್ ಮತ್ತು ಮಧುಸೂದನ ಕಟ್ಟಿ ಇದೇ ಹಕ್ಕಿಯನ್ನು ಹಿಡಿದು ಚಳಿಗಾಲದ ಮೇವಿನ ಅಧ್ಯಯನ ನಡೆಸಿದ್ದು ಸುಮ್ಮನೆ ಅಲ್ಲ. ಬೇಟೆಹಿಂಡಿನ ಹಕ್ಕಿಗಳಿಂದ ಶುರು ಮಾಡಿದರೆ ಲೆಕ್ಕ ಹದಗೆಡುತ್ತದೆ. ಭೀಮರಾಜ, ಚಿತ್ರಪಕ್ಷಿ, ಚೇಕಡಿ, ಮರಗುಬ್ಬಿ ಎಲ್ಲ ಒಟ್ಟಿಗೆ ಸಾಗುವಾಗ ಹಿಂದಿನ ಹಕ್ಕಿ ಮುಂದಿನ ಹಕ್ಕಿಯನ್ನು ಅನುಸರಿಸುತ್ತದೆ. ಅದು ಮರದ ಆಯ್ಕೆಯಲ್ಲ, ಜೊತೆಯ ಆಯ್ಕೆ. ಹಿಂಡಿನಿಂದ ಜಾತಿಗೆ ಒಂದೇ ಹಕ್ಕಿಯ ಒಂದೇ ಜಿಗಿತ ತೆಗೆದುಕೊಳ್ಳಿ, ಅದೂ ಆ ಜಾತಿಯಲ್ಲಿ ಮೊದಲು ಹಾರಿದ ಹಕ್ಕಿಯದು. ಹಿಂಡು ಇಳಿಜಾರಿನಲ್ಲಿ ಇಳಿಯುವಾಗ ನಾನು ಎಲ್ಲಿ ಹೋಗಿ ಮುಂಚೆಯೇ ನಿಲ್ಲುತ್ತೇನೆ ಎಂಬುದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಒಂದು ಕಾಲ ಬೆನ್ನುಹತ್ತಿದವರಿಗೆ ತಾನಾಗಿ ಹೊಳೆಯುತ್ತದೆ.

ಕೆಲಸದ ಕ್ರಮ ಇಷ್ಟು. ಕೊಡಗಿನ ಮಂಜು ಏಳೂವರೆ ಎಂಟರವರೆಗೆ ಬಿಡುವುದಿಲ್ಲ. ಅದಕ್ಕೆ ಮುಂಚೆ ಎಲ್ಲ ಹಕ್ಕಿಯೂ ಕಪ್ಪು ನೆರಳು. ಎಂಟರಿಂದ ಹತ್ತೂವರೆ, ಮತ್ತೆ ಮೂರೂವರೆಯಿಂದ ಐದೂವರೆ. ಹಕ್ಕಿಯಿಂದ ಕನಿಷ್ಠ ಹನ್ನೆರಡು ಮೀಟರ್ ದೂರ, ಬಿಸಿಲು ಬೆನ್ನಿಗೆ. ಮೊಬೈಲ್ ರೆಕಾರ್ಡರ್ ಓಡುತ್ತಿರಲಿ, ಬಾಯಲ್ಲಿ ಹೇಳುತ್ತ ಹೋಗಿ: ಹಕ್ಕಿ, ಮರದ ಅಂಕಿ, ಒಳಗೆ ಬಂತು, ಕುಕ್ಕಿತು, ಕುಕ್ಕಿತು, ಬಿಟ್ಟಿತು, ಹೋದ ಮರದ ಅಂಕಿ. ಕಾಗದ ಪೆನ್ಸಿಲ್ ಇಟ್ಟುಕೊಂಡು ಕಣ್ಣು ಕೆಳಗಿಳಿಸಿದರೆ ಹಕ್ಕಿ ಹೋಯಿತು ಎಂದೇ ಲೆಕ್ಕ. ಸಂಜೆಯೇ ಕೇಳಿ ಬರೆದಿಡಿ, ವಾರ ಬಿಟ್ಟರೆ ನಿಮ್ಮ ದನಿಯೇ ನಿಮಗೆ ಅರ್ಥವಾಗುವುದಿಲ್ಲ. ಒಂದು ಹಕ್ಕಿಯಿಂದ ಒಂದು ಬಾರಿಗೆ ಮೂರು ಜಿಗಿತಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ, ಒಂದೇ ಹಕ್ಕಿಯ ಇಷ್ಟ ಇಡೀ ಜಾತಿಯ ಇಷ್ಟವಾಗಿಬಿಡುತ್ತದೆ.

ಲೆಕ್ಕ ಮನೆಯಲ್ಲಿ. ಬಿಟ್ಟ ಮರದ ಹರವಿನ ಅಂಚಿನಿಂದ ಹದಿನೈದು ಮೀಟರ್ ಒಳಗೆ ಹರವು ಇರುವ ಎಲ್ಲ ಮರಗಳೂ ಆ ಜಿಗಿತಕ್ಕೆ ಸ್ಪರ್ಧಿಗಳು. ಒಂದು ಉದಾಹರಣೆ: ಸುತ್ತ ನಾಲ್ಕು ಸಿಲ್ವರ್, ತಲಾ 150 ಘನ ಮೀಟರ್. ಒಂದು ನಂದಿ 900, ಒಂದು ಬಾಗೆ 600, ಒಂದು ಹಲಸು 300. ಒಟ್ಟು 2,400. ಹಕ್ಕಿಗೆ ಮರದ ಭೇದವೇ ಇಲ್ಲದಿದ್ದರೆ ಸಿಲ್ವರ್‌ಗೆ 0.25, ನಂದಿಗೆ 0.375, ಬಾಗೆಗೆ 0.25, ಹಲಸಿಗೆ 0.125 ಪಾಲು. ಕಾಂಡ ಎಣಿಸಿದ್ದರೆ ಸಿಲ್ವರ್ ಪಾಲು ಏಳರಲ್ಲಿ ನಾಲ್ಕು, ಅಂದರೆ 0.57 ಆಗುತ್ತಿತ್ತು. ಹೀಗೆ ಪ್ರತಿ ಜಿಗಿತಕ್ಕೂ ಪಾಲು ತೆಗೆದು ಜಾತಿವಾರು ಕೂಡಿ. ಅದು ನಿರೀಕ್ಷೆ. ನಿಜವಾಗಿ ಹೋದ ಸಲಗಳು ಇನ್ನೊಂದು ಕಾಲಂ. ಎರಡನ್ನು ಭಾಗಿಸಿದರೆ ಮುಗಿಯಿತು. ನಿರೀಕ್ಷೆ ಐದಕ್ಕಿಂತ ಕಡಿಮೆ ಬಂದ ಜಾತಿಗಳನ್ನು ಒಂದು ಗುಂಪಿಗೆ ಸೇರಿಸಿ, ಒಂಟಿ ಮರದ ಮೇಲೆ ತೀರ್ಮಾನ ಬೇಡ.

ದೂರವನ್ನು ಮರೆಯಬಾರದು. ಸಣ್ಣ ಹಕ್ಕಿ ಮೊದಲು ನೋಡುವುದು ಪಕ್ಕದ ಮರವನ್ನು. ನನ್ನ ದಾಖಲೆಯಲ್ಲಿ ಮೂರರಲ್ಲಿ ಎರಡು ಜಿಗಿತ ಐದು ಮೀಟರ್ ಒಳಗೇ ಮುಗಿದಿವೆ. ಅದಕ್ಕಾಗಿ ಐದು, ಹತ್ತು, ಹದಿನೈದು ಮೀಟರ್ ಎಂದು ಮೂರು ಸುತ್ತು ಮಾಡಿ ದೂರದ ಸುತ್ತಿನ ಗಾತ್ರವನ್ನು ತಗ್ಗಿಸಿದೆ. ಎಷ್ಟು ತಗ್ಗಿಸಬೇಕು ಎಂಬುದು ನಿಮ್ಮ ದಾಖಲೆಯಿಂದಲೇ ಬರಬೇಕು, ನನ್ನ ತೋಟದ ಅಂಕಿ ನಿಮ್ಮಲ್ಲಿ ನಡೆಯುವುದಿಲ್ಲ. ಆರ್ ಎಂಬ ಅಂಕಿಅಂಶದ ತಂತ್ರಾಂಶ ಬಲ್ಲವರು ಅದರ ಸರ್ವೈವಲ್ ಪ್ಯಾಕೇಜಿನ ಕ್ಲಾಗಿಟ್‌ಗೆ ಗಾತ್ರ, ದೂರ, ಜಾತಿ ಮೂರನ್ನೂ ಕೊಟ್ಟು ಒಂದೇ ಏಟಿಗೆ ಮುಗಿಸಬಹುದು. ಪ್ರತಿ ಜಿಗಿತವೂ ಒಂದು ಸ್ಟ್ರೇಟಾ, ಅಂದರೆ ಬೇರೆಯಾಗಿ ಹೋಲಿಸುವ ಒಂದು ಗುಂಪು. ನಾನು ಎರಡೂ ರೀತಿ ಮಾಡಿ ನೋಡಿದೆ, ಜಾತಿಗಳ ಸಾಲು ಬದಲಾಗಲಿಲ್ಲ.

ಬಂದ ಫಲ ಇದು. ಆರುನೂರು ಚಿಲ್ಲರೆ ಜಿಗಿತ, ಅರ್ಧದಷ್ಟು ಹಸುರು ಉಲಿಯಕ್ಕಿಯದು. ಸಿಲ್ವರ್‌ಗೆ ನೂರಕ್ಕೆ ನಲವತ್ತೈದು ನಿರೀಕ್ಷೆ ಇತ್ತು, ಹೋದದ್ದು ಇಪ್ಪತ್ತರ ಒಳಗೆ. ಬಾಗೆಗೆ ಏಳು ನಿರೀಕ್ಷೆ, ಹೋದದ್ದು ಹದಿನೇಳರ ಹತ್ತಿರ. ಬೀಟೆ ಸುಮಾರು ಎರಡು ಪಟ್ಟು. ಅತ್ತಿ ಹೊಸ ಚಿಗುರಿನಲ್ಲಿ ಎರಡು ಪಟ್ಟಿಗೂ ಮೇಲೆ, ಉಳಿದ ಸಮಯದಲ್ಲಿ ಸಮ. ನಂದಿ ಮತ್ತು ಹೊನ್ನೆ ನಿರೀಕ್ಷೆಗೆ ಸ್ವಲ್ಪ ಮೇಲೆ, ಹಲಸು ಸಮ, ಎಲೆ ಇರುವ ಹಾಲುವಾಣ ಉಲಿಯಕ್ಕಿಗೆ ಸಮ, ಚಿತ್ರಪಕ್ಷಿಗೆ ಮೇಲೆ.

ಜಿಗಿತ ಮಾತ್ರ ನೋಡಿದರೂ ಪೂರ್ತಿ ಆಗುವುದಿಲ್ಲ, ಒಳಗೆ ಎಷ್ಟು ಹೊತ್ತು ನಿಂತಿತು ಎಂಬುದೂ ಬೇಕು. ಸಿಲ್ವರ್‌ನಲ್ಲಿ ಉಲಿಯಕ್ಕಿ ಹತ್ತು ಹದಿನೈದು ಸೆಕೆಂಡಿಗೆ ಹೊರಗೆ ಬರುತ್ತದೆ, ಬಾಗೆಯಲ್ಲಿ ಒಂದು ನಿಮಿಷ ದಾಟುತ್ತದೆ. ಎರಡನ್ನೂ ಗುಣಿಸಿದರೆ ಸಿಲ್ವರ್‌ನ ಪಾಲು ಇನ್ನೂ ಪಾತಾಳಕ್ಕೆ ಇಳಿಯುತ್ತದೆ. ಬಹಳ ಸಿಲ್ವರ್ ಜಿಗಿತಗಳು ಮೇವಿಗಲ್ಲ, ದಾಟುವುದಕ್ಕೆ. ನಿಮಿಷಕ್ಕೆ ಎಷ್ಟು ಕುಕ್ಕು ಎಂಬ ಅಂಕಿಯನ್ನು ನಂಬಬೇಡಿ. ಸಣ್ಣ ಹುಳ ಸಿಗುವ ಕಡೆ ಕುಕ್ಕು ಹೆಚ್ಚು, ಒಂದು ದಪ್ಪ ಕಂಬಳಿಹುಳ ಸಿಕ್ಕರೆ ಹಕ್ಕಿ ಅರ್ಧ ನಿಮಿಷ ಅದನ್ನೇ ಬಡಿಯುತ್ತ ಕೂರುತ್ತದೆ.

ಸಿಲ್ವರ್ ಎಲ್ಲರಿಗೂ ಬೇಡದ ಮರವೇನಲ್ಲ. ಮರಗುಬ್ಬಿಯ ಲೆಕ್ಕ ಪೂರ್ತಿ ಬೇರೆ, ಅದು ಮೇಯುವುದು ತೊಗಟೆಯಲ್ಲಿ. ಅದಕ್ಕೆ ಎಲೆಯ ಗಾತ್ರ ಅಳೆದರೆ ಪ್ರಯೋಜನವಿಲ್ಲ, ಕಾಂಡ ಮತ್ತು ದಪ್ಪ ಕೊಂಬೆಯ ಮೈ ಅಳೆಯಬೇಕು: ಸುತ್ತಳತೆಯನ್ನು ಉದ್ದದಿಂದ ಗುಣಿಸಿ, ಮೆಣಸಿನ ಬಳ್ಳಿ ಮುಚ್ಚಿದಷ್ಟನ್ನು ಕಳೆಯಿರಿ. ಹೀಗೆ ಮಾಡಿದಾಗ ಬಳ್ಳಿ ಇಲ್ಲದ ಹಳೆ ಸಿಲ್ವರ್ ಮರಗುಬ್ಬಿಗೆ ಸಮಕ್ಕೆ ಬಂತು, ಮೊಸಳೆ ಚರ್ಮದಂಥ ತೊಗಟೆಯ ಮತ್ತಿ ಬಹಳ ಮೇಲೆ, ನುಣುಪು ಕಾಂಡದ ನಂದಿ ಕೆಳಗೆ. ನಂದಿ ಉಲಿಯಕ್ಕಿಗೆ ಒಳ್ಳೆಯದು, ಮರಗುಬ್ಬಿಗೆ ಅಲ್ಲ. ಹಕ್ಕಿಗೆ ಯಾವ ಮರ ಒಳ್ಳೆಯದು ಎಂದು ಕೇಳುವವರು ಯಾವ ಹಕ್ಕಿಗೆ ಎಂದು ಮೊದಲು ಹೇಳಬೇಕು.

ಯಾಕೆ ಬಾಗೆ? ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಿ ಎಲೆತೊಟ್ಟು ಅಳೆಯುವುದರಲ್ಲಿ ಒಂದಷ್ಟು ಸಮಯ ಕಳೆದೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರಿನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ರಿಚರ್ಡ್ ಹೋಮ್ಸ್ ಮತ್ತು ಸ್ಕಾಟ್ ರಾಬಿನ್ಸನ್ 1981ರಲ್ಲಿ ತೋರಿಸಿದ್ದರು: ಹುಳ ತಿನ್ನುವ ಹೆಚ್ಚಿನ ಹಕ್ಕಿಗಳು ಹಳದಿ ಬರ್ಚ್ ಮರವನ್ನು ಅದರ ಪಾಲಿಗಿಂತ ಹೆಚ್ಚು ಬಳಸುತ್ತವೆ, ಬೀಚ್ ಮತ್ತು ಮೇಪಲ್ ಅನ್ನು ಕಡಿಮೆ. ಹುಳದ ಸಂಖ್ಯೆ ಒಂದು ಕಾರಣ, ಎಲೆಯ ಜೋಡಣೆ ಇನ್ನೊಂದು. ರೆಂಬೆಗೆ ಹತ್ತಿರ ಎಲೆ ಇದ್ದರೆ ಕುಪ್ಪಳಿಸುವ ಹಕ್ಕಿಗೆ ಕೂತಲ್ಲಿಂದಲೇ ಕೊಕ್ಕು ತಲುಪುತ್ತದೆ, ಉದ್ದ ತೊಟ್ಟಿನ ತುದಿಯ ಎಲೆಗೆ ತಲುಪುವುದಿಲ್ಲ, ಹಾರಿ ಕಸಿಯಬೇಕು, ಅದಕ್ಕೆ ಶಕ್ತಿ ಖರ್ಚು. ನಮ್ಮ ಮರಗಳಿಗೂ ಇದು ಕೂಡುತ್ತದೆ. ಬಾಗೆ, ಬೀಟೆಯ ಸಣ್ಣ ಎಲೆಗಳ ನಡುವೆ ಉಲಿಯಕ್ಕಿ ನಡೆದುಕೊಂಡೇ ಹೆಕ್ಕುತ್ತದೆ. ಉದ್ದ ತೊಟ್ಟಿನ, ಅಗಲ ಎಲೆಯ ಹಾಲುವಾಣ ಮತ್ತು ತೇಗದಲ್ಲಿ ಗಾಳಿಯಲ್ಲಿ ನಿಂತು ಎಲೆಯಡಿಯಿಂದ ಕಸಿಯುವ ಚಿತ್ರಪಕ್ಷಿ, ನೊಣಹಿಡುಕಗಳದೇ ಮೇಲುಗೈ. ತೇಗದ ಎಲೆತಿನ್ನುವ ಹುಳ ಎದ್ದ ವಾರದಲ್ಲಿ ಮಾತ್ರ ಎಲ್ಲ ನಿಯಮ ಮುರಿಯುತ್ತದೆ, ಆಗ ಸಿಕ್ಕ ಹಕ್ಕಿಯೆಲ್ಲ ತೇಗದಲ್ಲೇ. ಆ ವಾರದ ದಾಖಲೆ ತೆಗೆದಿಡಿ.

ಸಿಲ್ವರ್‌ನ ಎಲೆಯೂ ಸಣ್ಣಸಣ್ಣದಾಗಿ ಸೀಳಿದ್ದೇ, ತಲುಪುವುದಕ್ಕೆ ಕಷ್ಟವಿಲ್ಲ. ಹಾಗಾದರೆ ಅಲ್ಲಿ ಕೊರತೆ ಹುಳದ್ದೇ ಇರಬೇಕು. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮರ ಅದು. ನಮ್ಮ ಘಟ್ಟದಲ್ಲಿ ಅದರ ಕುಟುಂಬದ ಮರಗಳು ತೀರ ವಿರಳ, ಅದರ ಎಲೆ ತಿಂದು ಅಭ್ಯಾಸವಿರುವ ಹುಳಗಳೂ ಹಾಗೆಯೇ. ಖಚಿತಪಡಿಸಿಕೊಳ್ಳಲು ಕೊಂಬೆಗೆ ಚೀಲ ಹಾಕಿ ನೋಡಿದೆ. ದೋಟಿಯ ತುದಿಗೆ ತಂತಿಯ ಬಳೆ, ಬಳೆಗೆ ದೊಡ್ಡ ಕಸದ ಚೀಲ, ಬಾಯಿಗೆ ಎಳೆದರೆ ಮುಚ್ಚುವ ದಾರ. ಕೊಂಬೆಯನ್ನು ಅಲುಗಿಸದೆ ಒಳಗೆ ಸೇರಿಸಿ ದಾರ ಎಳೆದು, ಇನ್ನೊಬ್ಬ ಉದ್ದ ಕೋಲಿನ ಕತ್ತರಿಯಿಂದ ಕತ್ತರಿಸಬೇಕು. ಮೊದಲು ಕತ್ತರಿಸಿ ಆಮೇಲೆ ಮುಚ್ಚಿದರೆ ಜಿಗಿಯುವ ಹುಳ, ಜೇಡ ಎಲ್ಲ ಉದುರಿಹೋಗುತ್ತವೆ. ಹತ್ತಿಗೆ ಈಥೈಲ್ ಅಸಿಟೇಟ್ ಹಾಕಿ ಅರ್ಧ ಗಂಟೆ ಬಿಟ್ಟು ಬಿಳಿ ಬಟ್ಟೆಯ ಮೇಲೆ ಕೊಡವಿ, ಎರಡು ಮಿಲಿಮೀಟರ್‌ಗಿಂತ ದೊಡ್ಡವನ್ನು ಎಣಿಸಿ, ಎಲೆ ತೂಗಿ, ನೂರು ಗ್ರಾಂ ಎಲೆಗೆ ಎಷ್ಟು ಎಂದು ಬರೆಯಿರಿ. ಇರುವೆಯನ್ನು ಬೇರೆ ಎಣಿಸಿ. ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆ ಇರುವ ಮರದಲ್ಲಿ ಒಟ್ಟು ಸಂಖ್ಯೆ ದೊಡ್ಡದಾಗುತ್ತದೆ, ಹಕ್ಕಿಗೆ ಬೇಕಾದ ಹುಳ ಅಲ್ಲಿ ಕಡಿಮೆ. ಇರುವೆ ಕಳೆದಮೇಲೆ ಬಾಗೆಯಲ್ಲಿ ಸಿಲ್ವರ್‌ನ ಮೂರು ಪಟ್ಟು ಬಂತು. ಎತ್ತರದ ಕೊಂಬೆಗೆ ಮರ ಹತ್ತುವವರು ಬೇಕು, ಅವರ ದಿನಗೂಲಿ ಸಾಮಾನ್ಯ ಆಳಿನ ಎರಡು ಪಟ್ಟು, ಮರಗಸಿ ಕಾಲದಲ್ಲಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕಾಲದಲ್ಲಿ, ಸಿಗುವುದೂ ಇಲ್ಲ. ಮರಗಸಿಗೆ ಬಂದವರ ಕೈಯಲ್ಲೇ ಕೊಂಬೆ ಕತ್ತರಿಸುವ ಮೊದಲು ಚೀಲ ಹಾಕಿಸಿಕೊಂಡರೆ ಆ ಖರ್ಚು ಉಳಿಯುತ್ತದೆ.

ಇನ್ನೊಂದು ಪ್ರಯೋಗ, ಮಣ್ಣಿನ ಕಂಬಳಿಹುಳ. ಮಕ್ಕಳ ಹಸಿರು ಪ್ಲಾಸ್ಟಿಸಿನ್ ತಂದು ಮೂರು ಸೆಂಟಿಮೀಟರ್ ಉದ್ದ, ನಾಲ್ಕು ಮಿಲಿಮೀಟರ್ ದಪ್ಪ ಮಾಡಿ ರೆಂಬೆಗೆ ಅಂಟಿಸುವುದು, ನಾಲ್ಕೈದು ದಿನ ಬಿಟ್ಟು ಗುರುತು ನೋಡುವುದು. ಹಕ್ಕಿಯ ಕೊಕ್ಕು ಎರಡು ಬದಿ ಚೂಪಾದ ಗುಳಿ ಬಿಡುತ್ತದೆ, ಇಲಿಯ ಹಲ್ಲು ಜೋಡಿ ಗೆರೆ, ಇರುವೆ ಮೇಲ್ಮೈಯೆಲ್ಲ ಚುಕ್ಕಿ. ಫೆಬ್ರವರಿ ಬಿಸಿಲಿಗೆ ಅಗ್ಗದ ಪ್ಲಾಸ್ಟಿಸಿನ್ ಕರಗಿ ಜೋತುಬೀಳುತ್ತದೆ, ಕುಯ್ಲಿನ ಏಣಿ ತಾಗಿ ಕೆಳಗಿನವು ಉದುರುತ್ತವೆ. ಕರಗದಂತೆ ಮಾಡಲು ನಾನು ಬೆರೆಸುವ ವಸ್ತು ಒಂದಿದೆ, ಅದು ನನ್ನ ಹತ್ತಿರವೇ ಇರಲಿ. ಎಲ್ಲ ಮರದಲ್ಲೂ ಒಂದೇ ಸಂಖ್ಯೆಯ ಹುಳ ಇಟ್ಟರೂ ಬಾಗೆಯಲ್ಲಿ ಕುಕ್ಕಿದವು ಸಿಲ್ವರ್‌ಗಿಂತ ಹೆಚ್ಚು. ಹಕ್ಕಿ ಎಲ್ಲಿ ಹೆಚ್ಚು ಹೊತ್ತು ಹುಡುಕುತ್ತದೋ ಅಲ್ಲಿ ಮಣ್ಣಿನ ಹುಳವೂ ಸಿಕ್ಕಿಬೀಳುತ್ತದೆ. ಜಿಗಿತದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಗಲಿಲ್ಲ.

ದುಡ್ಡಿನ ಮಾತು. ದುರ್ಬೀನು ಬಿಟ್ಟು ಎರಡು ಚಳಿಗಾಲಕ್ಕೆ ನಲವತ್ತರಿಂದ ನಲವತ್ತೈದು ಸಾವಿರ ಆಯಿತು. ಡ್ರೋನ್, ಅಂಟುಹಾಳೆ, ಧ್ವನಿ ಪೆಟ್ಟಿಗೆ ಸೇರಿ ಅದರಲ್ಲಿ ಅರ್ಧಕ್ಕೆ ಹತ್ತಿರ. ಇವನ್ನು ಬಿಟ್ಟು ಶುರು ಮಾಡುವವರಿಗೆ ಇಪ್ಪತ್ತೈ‍ದು ಸಾವಿರ ಸಾಕು, ದೂರಮಾಪಕ ಸಾಲ ಸಿಕ್ಕರೆ ಇನ್ನೂ ಕಡಿಮೆ.

ಇದರಿಂದ ತೋಟದಲ್ಲಿ ಏನು ಬದಲಾಯಿತು ಎಂದು ಕೇಳುತ್ತಾರೆ. ಸಿಲ್ವರ್ ಕಡಿದು ಹಾಕಿ ಎಂದು ನಾನು ಹೇಳುವುದಿಲ್ಲ. ಮೆಣಸಿನ ಬಳ್ಳಿಗೆ ಅದು ನೆಟ್ಟಗಿನ ಆಸರೆ, ಬೇಗ ಬೆಳೆಯುತ್ತದೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅದನ್ನು ಕಡಿಯಲು ಅನುಮತಿ ಬೇಡ. ಬೀಟೆ, ಹೊನ್ನೆಗೆ ಹಾಗಲ್ಲ. ಬೆಳೆಗಾರ ಸಿಲ್ವರ್ ಕಡೆ ವಾಲಿದ್ದು ಯಾಕೆ ಎಂದು ಇದರಲ್ಲೇ ಇದೆ. ಬದಲಾದದ್ದು ಎರಡು. ಬಿದ್ದ ಮರದ ಜಾಗಕ್ಕೆ ಈಗ ಸಿಲ್ವರ್ ಸಸಿ ಹಾಕುವುದಿಲ್ಲ, ತಾನಾಗಿ ಹುಟ್ಟಿದ ಬಾಗೆ, ಅತ್ತಿ, ಮತ್ತಿ ಸಸಿಗೆ ಕೋಲು ಕಟ್ಟಿ ಕಳೆ ಕೊಚ್ಚುವವರಿಂದ ಉಳಿಸುತ್ತೇವೆ. ಸಸಿಗೆ ಖರ್ಚೇ ಇಲ್ಲ. ಎರಡನೆಯದು ಮರಗಸಿ. ಇಡೀ ಬ್ಲಾಕನ್ನು ಒಂದೇ ಸಲ ಬೋಳಿಸಿದ ವರ್ಷ ಜಿಗಿತದ ಉದ್ದ ಹೆಚ್ಚಾಗಿ, ಉಲಿಯಕ್ಕಿಯ ಗಡಿ ಒಡೆದು, ಹಕ್ಕಿ ಅಂಚಿನ ಕಾಡಿನ ಕಡೆ ಸರಿದಿತ್ತು. ಈಗ ಪ್ರತಿ ನಾಲ್ಕು ಮರದಲ್ಲಿ ಒಂದನ್ನು ಆ ವರ್ಷ ಮುಟ್ಟುವುದಿಲ್ಲ, ಬಿಡುವ ಮರ ಬಾಗೆ ಅಥವಾ ಬೀಟೆ ಆಗಿರುವಂತೆ ನೋಡಿಕೊಳ್ಳುತ್ತೇವೆ, ಮುಂದಿನ ವರ್ಷ ಸರದಿ ಬದಲು. ಬಿಟ್ಟ ಎರಡು ಮರಗಳ ನಡುವೆ ಹದಿನೈದು ಮೀಟರ್ ದಾಟಬಾರದು. ನೆರಳು ಹೆಚ್ಚಾಗಿ ಇಳುವರಿ ಬೀಳುತ್ತದೆ ಎಂದವರಿದ್ದರು. ಬಾಗೆಯ ಸಣ್ಣ ಎಲೆಯಲ್ಲಿ ಬೆಳಕು ಸೋಸಿ ಕೆಳಗೆ ಬರುತ್ತದೆ, ಆ ಸಾಲುಗಳ ಕಾಫಿ ಪಕ್ಕದ ಸಾಲಿಗಿಂತ ಕಡಿಮೆ ಬಂದಿಲ್ಲ. ಕೋಸ್ಟರಿಕ ಮತ್ತು ಜಮೈಕದ ತೋಟಗಳಲ್ಲಿ ಕಾಫಿ ಗಿಡಕ್ಕೆ ಬಲೆ ಹಾಕಿ ಹಕ್ಕಿಯನ್ನು ತಡೆದಾಗ ಕಾಫಿ ಕಾಯಿ ಕೊರೆಯುವ ಕಾಯಿಕೊರಕ ಕೀಟ ಹೆಚ್ಚಿದ್ದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ಹಕ್ಕಿಯನ್ನು ತೋಟದ ಖರ್ಚುವೆಚ್ಚದ ಪುಸ್ತಕಕ್ಕೆ ಸೇರಿಸಲು ನಾಚಿಕೆಪಡಬೇಕಾಗಿಲ್ಲ.

ಬದಿಯ ಕೊಂಬೆ ಸವರದ ಸಿಲ್ವರ್‌ಗೂ ಸವರಿದ ಸಿಲ್ವರ್‌ಗೂ ವ್ಯತ್ಯಾಸ ಇದೆ. ಮೂವತ್ತಡಿವರೆಗೆ ಸವರಿ ಮೆಣಸು ಹತ್ತಿಸಿದ ಮರಕ್ಕೆ ಉಲಿಯಕ್ಕಿ ಹೋಗುವುದು ಬಹಳ ಅಪರೂಪ. ಕೊಂಬೆ ಬಿಟ್ಟ ಹಳೆಯ ಮರದಲ್ಲಿ, ಅದರಲ್ಲೂ ಪಾಚಿ, ಸೀತಾಳೆ ಹತ್ತಿದ ಕೊಂಬೆ ಇದ್ದರೆ, ಸಮದ ಹತ್ತಿರ ಬರುತ್ತದೆ. ಬೇಲಿ ಸಾಲಿನಲ್ಲಿ ಮೆಣಸು ಇಲ್ಲದ ಸಿಲ್ವರ್ ಇದ್ದರೆ ಅದಕ್ಕೆ ಕತ್ತಿ ಹಾಕಬೇಡಿ.

ಮುಂದಿನ ಚಳಿಗಾಲಕ್ಕೆ ಶುರು ಮಾಡುವವರು ಅಂಕಿ ಬರೆಯುವ ಕೆಲಸವನ್ನು ಕಾಫಿ ಹೂ ಅರಳಿಸುವ ಹೂಮಳೆ ಮುಗಿದಮೇಲೆ, ಮುಂಗಾರು ಹಿಡಿಯುವ ಮೊದಲು ಮುಗಿಸಿ. ಆಗಸ್ಟ್‌ನಲ್ಲಿ ಒದ್ದೆ ತೊಗಟೆಗೆ ಬಣ್ಣ ಹಿಡಿಯುವುದಿಲ್ಲ, ಸೆಪ್ಟೆಂಬರ್ ಕೊನೆಗೆ ಹಕ್ಕಿ ಬಂದಿರುತ್ತದೆ. ಹರವಿನ ಅಳತೆ ಮಾತ್ರ ಮರಗಸಿ ಆದಮೇಲೇ ತೆಗೆಯಬೇಕು, ಮೊದಲೇ ತೆಗೆದರೆ ಇಲ್ಲದ ಕೊಂಬೆಗೆ ಲೆಕ್ಕ ಹಾಕಿದಂತಾಗುತ್ತದೆ. ಅರೇಬಿಕಾ ತೋಟದವರಿಗೆ ಸಾಲು ಆರಡಿ ಏಳಡಿಗೆ ಒಂದು ಬರುತ್ತದೆ. ಅಲ್ಲಿ ಎರಡು ಗಿಡಕ್ಕೆ ಒಂದು ಮನೆ ಎಂದು ಎಣಿಸಿದರೆ ಕಾಗದ ಕಡಿಮೆ, ತಪ್ಪೂ ಕಡಿಮೆ.